ತಡವಾಗಿ ಅರಳುವ ಹೂವಿಗೆ ಕತ್ತಲೆಯೂ ಬೇಕು

ಹೂತೋಟದ ಅಂಚಿನ ಪಾತಿ ಸೀಸನ್ ಶುರುವಿನಲ್ಲಿ ಚೆನ್ನಾಗಿ ಕಾಣುವುದು ದೊಡ್ಡ ವಿಷಯವಲ್ಲ. ಆಗ ಏನು ನೆಟ್ಟರೂ ಅರಳುತ್ತದೆ. ಉಳಿದ ಗಿಡಗಳೆಲ್ಲ ಹೂ ಮುಗಿಸಿ ಬರೀ ಕಡ್ಡಿಯಾಗಿ ನಿಂತ ಮೇಲೆ ಪಾತಿಯಲ್ಲಿ ಏನಿರುತ್ತದೆ ಅನ್ನುವುದೇ ನನಗೆ ಮುಖ್ಯ. ಅದಕ್ಕೇ ಅರ್ಧ ಜಾಗವನ್ನು ಕೊನೆಗೆ ಅರಳುವ ಬಹುವಾರ್ಷಿಕ ಗಿಡಗಳಿಗೆ ಬಿಟ್ಟಿದ್ದೇನೆ. ಸೇವಂತಿಗೆ, ಆಸ್ಟರ್, ದಪ್ಪ ಎಲೆಯ ಸೆಡಮ್, ಹಳದಿ ದಳದ ರುಡ್ಬೆಕಿಯಾ, ಹಿಂದಿನ ಸಾಲಿಗೆ ಒಂದಿಷ್ಟು ಹಳದಿ ಗೊಂಚಲಿನ ಗೋಲ್ಡನ್‌ರಾಡ್. ಬೀಜ ಹಾಕಿ ಬೆಳೆಯುವ ಚೀನಾ ಆಸ್ಟರ್ ಬೇರೆ, ಅದು ಒಂದೇ ಸೀಸನ್ನಿನ ಗಿಡ. ನಾನು ಹೇಳುತ್ತಿರುವುದು ವರ್ಷ ವರ್ಷ ಬುಡದಿಂದ ಚಿಗುರುವ, ಉತ್ತರ ಅಮೆರಿಕ ಮೂಲದ ಆಸ್ಟರ್.

ಇವುಗಳ ವಿಷಯದಲ್ಲಿ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ, ಈ ಗಿಡ ಯಾವುದಕ್ಕೆ ಕಾಯುತ್ತಿದೆ ಅಂತ. ಗೊಬ್ಬರ, ನೀರು ಎಲ್ಲ ಆಮೇಲೆ. ಸೇವಂತಿಗೆ ಕಾಯುವುದು ರಾತ್ರಿ ಉದ್ದವಾಗಲಿ ಅಂತ. ಹಗಲಿನ ಉದ್ದಕ್ಕೂ ಹೂ ಬಿಡುವುದಕ್ಕೂ ಸಂಬಂಧ ಇದೆ ಎಂದು ಗಾರ್ನರ್ ಮತ್ತು ಅಲಾರ್ಡ್ ಎಂಬ ಅಮೆರಿಕದ ಇಬ್ಬರು ವಿಜ್ಞಾನಿಗಳು 1920ರಲ್ಲಿ ತೋರಿಸಿದರು. ಅವರ ಪ್ರಯೋಗ ನಡೆದದ್ದು ತಂಬಾಕು, ಸೋಯಾ ಗಿಡಗಳ ಮೇಲೆ. ಇಂಥ ಗಿಡಗಳು ಲೆಕ್ಕ ಹಾಕುವುದು ಹಗಲನ್ನಲ್ಲ, ನಡುವೆ ಕಡಿಯದೆ ಸಾಗುವ ಕತ್ತಲೆಯನ್ನು ಎಂಬುದು ಆಮೇಲೆ ಗೊತ್ತಾಯಿತು.

ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಒಂದೇ ಬುಡದಿಂದ ಬಿಡಿಸಿದ ಸೇವಂತಿಗೆ ಗಿಡಗಳನ್ನು ಪಾತಿಯುದ್ದಕ್ಕೂ ನೆಟ್ಟಿದ್ದೆ. ಒಂದು ತುದಿಯಲ್ಲಿ ಗೋಡೆಗೆ ದೀಪ ಇತ್ತು, ರಾತ್ರಿಯಿಡೀ ಉರಿಯುತ್ತಿತ್ತು. ದೂರದ ಗಿಡಗಳಲ್ಲಿ ಮೊಗ್ಗು ಕಿಕ್ಕಿರಿದು ಬಣ್ಣ ಕಾಣಿಸುತ್ತಿದ್ದಾಗ ದೀಪದ ಕೆಳಗಿನದು ಹಚ್ಚಗೆ ಎಲೆ ಬಿಡುತ್ತಲೇ ಇತ್ತು. ಕುಡಿ ಬಿಡಿಸಿ ನೋಡಿದರೆ ಎಲೆಯೊಳಗೆ ಎಲೆ, ಮೊಗ್ಗಿನ ಸುಳಿವೇ ಇಲ್ಲ. ಗಿಡಕ್ಕೆ ರೋಗವಿರಲಿಲ್ಲ, ಹಸಿವೂ ಇರಲಿಲ್ಲ. ಅದರ ಪಾಲಿಗೆ ರಾತ್ರಿಯೇ ಆಗಿರಲಿಲ್ಲ, ಅಷ್ಟೆ. ದೀಪ ಆರಿಸತೊಡಗಿದ ಮೇಲೆ ಅದೂ ಮೊಗ್ಗು ಕಟ್ಟಿತು, ಉಳಿದವುಗಳಿಗಿಂತ ತುಂಬಾ ತಡವಾಗಿ. ಹೂ ಬೆಳೆಗಾರರು ಬೇಕೆಂದೇ ನಡುರಾತ್ರಿ ದೀಪ ಹಾಕಿ ಸೇವಂತಿಗೆ ಅರಳುವುದನ್ನು ಮುಂದೂಡುತ್ತಾರೆ, ಕಪ್ಪು ಬಟ್ಟೆ ಹೊದಿಸಿ ಬೇಗ ಅರಳಿಸುತ್ತಾರೆ. ನಿಮ್ಮ ಸೇವಂತಿಗೆ ಬರೀ ಎಲೆಯಾಗಿದ್ದರೆ ಗೊಬ್ಬರದ ಚೀಲಕ್ಕೆ ಕೈ ಹಾಕುವ ಮೊದಲು ರಾತ್ರಿ ಒಮ್ಮೆ ಹೊರಗೆ ಹೋಗಿ ಬೆಳಕು ಎಲ್ಲಿ ಬೀಳುತ್ತಿದೆ ನೋಡಿ.

ಸೆಡಮ್ ಮತ್ತು ರುಡ್ಬೆಕಿಯಾದ ಲೆಕ್ಕ ತಿರುಗಾಮುರುಗಾ. ಇವಕ್ಕೆ ಮೊಗ್ಗು ಕಟ್ಟಲು ಉದ್ದದ ಹಗಲೇ ಬೇಕು. ಕಟ್ಟಿದ ಮೇಲೆ ನಿಧಾನವಾಗಿ ಬೆಳೆದು ಅರಳುವುದರಿಂದ ಕೊನೆಯ ಸಾಲಿಗೆ ಸೇರುತ್ತವೆ. ಭೂಮಧ್ಯರೇಖೆಗೆ ಹತ್ತಿರವಿರುವ ಕಡೆ ಹಗಲು ಅಷ್ಟು ಉದ್ದ ಆಗುವುದೇ ಇಲ್ಲ. ಅಂಥಲ್ಲಿ ಸೆಡಮ್ ಮೇಲೆ ಜಾಸ್ತಿ ಭರವಸೆ ಇಡಬೇಡಿ, ಸೇವಂತಿಗೆಯನ್ನೇ ನಂಬಿ.

ಈ ವ್ಯತ್ಯಾಸ ಗೊತ್ತಿದ್ದರೆ ಕುಡಿ ಚಿವುಟುವುದು ಯಾವಾಗ ಅನ್ನುವುದು ತಾನಾಗಿ ಬಗೆಹರಿಯುತ್ತದೆ. ಸೇವಂತಿಗೆ, ಆಸ್ಟರ್ ಒಂದು ಗೇಣು ಬೆಳೆದ ಕೂಡಲೇ ತುದಿಯ ಕುಡಿಯನ್ನು ಎರಡು ಎಲೆ ಸಮೇತ ಉಗುರಿನಲ್ಲಿ ಚಿವುಟುತ್ತೇನೆ. ಕೆಲವು ದಿನದಲ್ಲಿ ಕೆಳಗಿನ ಎಲೆಗಳ ಕಂಕುಳಲ್ಲಿ ಸಾಸಿವೆಯಷ್ಟು ಹಸಿರು ಉಬ್ಬುತ್ತದೆ. ಅದೇ ಹೊಸ ರೆಂಬೆ. ತುದಿ ಇದ್ದಷ್ಟು ದಿನ ಅದು ಕೆಳಗಿನವುಗಳನ್ನು ಏಳಲು ಬಿಡುವುದಿಲ್ಲ. ತುದಿ ಹೋದರೆ ಮೂರು ನಾಲ್ಕು ರೆಂಬೆ ಒಟ್ಟಿಗೆ ಹೊರಡುತ್ತವೆ. ಅವು ಗೇಣುದ್ದ ಬಂದಾಗ ಮತ್ತೆ ಚಿವುಟುತ್ತೇನೆ. ವರ್ಷದ ಅತಿ ಉದ್ದದ ಹಗಲು ಕಳೆದು ಒಂದೆರಡು ವಾರಕ್ಕೆ, ಉತ್ತರ ಗೋಳಾರ್ಧದಲ್ಲಾದರೆ ಜುಲೈ ಮೊದಲ ವಾರದ ಸುಮಾರಿಗೆ, ಕೈ ಕಟ್ಟಿ ಕೂರುತ್ತೇನೆ. ರಾತ್ರಿ ಸಾಕಷ್ಟು ಉದ್ದವಾದ ಮೇಲೂ ಸೇವಂತಿಗೆಗೆ ಅರಳಲು ಸಮಯ ಬೇಕಲ್ವಾ? ಬೇಗ ಬಿಡುವ ತಳಿಗೆ 6-7 ವಾರ, ತಡವಾದ್ದಕ್ಕೆ 10 ವಾರವೂ ದಾಟುತ್ತದೆ. ಸೆಡಮ್ ಅನ್ನು ಮಾತ್ರ ಗಿಡ ಎಳೆಯದಾಗಿರುವಾಗಲೇ ಒಂದು ಸಲ ಕತ್ತರಿಸಿ ಬಿಡುತ್ತೇನೆ, ಮತ್ತೆ ಮುಟ್ಟುವುದಿಲ್ಲ.

ಗೊಬ್ಬರದಲ್ಲಿ ನಾನು ಬಿಗಿ ಕೈ. ಚಿಗುರುವಾಗ ಒಂದು ಪದರ ಚೆನ್ನಾಗಿ ಕಳಿತ ಕಾಂಪೋಸ್ಟ್, ಅಷ್ಟೇ. ಸಾರಜನಕ ಜಾಸ್ತಿಯಾದರೆ ದಂಟು ಮೆತ್ತಗಾಗಿ, ಹೂವಿನ ಭಾರಕ್ಕೆ ಗಿಡ ನಡುವೆ ಬಾಯಿಬಿಟ್ಟು ನಾಲ್ಕೂ ಕಡೆ ಒರಗುತ್ತದೆ. ಸೆಡಮ್‌ಗಂತೂ ಬಡ ಮಣ್ಣು, ಪೂರಾ ಬಿಸಿಲು ಇದ್ದರೇ ಒಳ್ಳೆಯದು. ಎತ್ತರದ ಆಸ್ಟರ್‌ಗೆ ಊರುಗೋಲು ಬೇಕೇ ಬೇಕು. ಅದನ್ನು ಗಿಡ ಮೊಣಕಾಲುದ್ದ ಇರುವಾಗಲೇ ನೆಟ್ಟರೆ ಎಲೆಗಳು ಬೆಳೆದು ಕೋಲನ್ನು ಮುಚ್ಚುತ್ತವೆ.

ಆಸ್ಟರ್‌ನ ದೊಡ್ಡ ತಲೆನೋವು ಬೂದಿ ರೋಗ. ಕೆಳಗಿನ ಎಲೆಯಿಂದ ಶುರುವಾಗಿ ಹಿಟ್ಟು ಉದುರಿಸಿದ ಹಾಗೆ ಬಿಳಿಚುತ್ತದೆ. ಬುಡದ ಮಣ್ಣು ಒಣಗಿ, ಎಲೆಗಳ ನಡುವೆ ತೇವದ ಗಾಳಿ ನಿಂತಾಗ ಇದು ಏಳುತ್ತದೆ. ಹಾಗಾಗಿ ಗಿಡದಿಂದ ಗಿಡಕ್ಕೆ 45ರಿಂದ 60 ಸೆಂಟಿಮೀಟರ್ ಬಿಡುತ್ತೇನೆ. ಚಿಗುರುವಾಗ ಸಣ್ಣ ದಂಟುಗಳನ್ನು ಬುಡದಲ್ಲೇ ಕಿತ್ತು ಗಾಳಿಗೆ ದಾರಿ ಮಾಡುತ್ತೇನೆ. ನೀರು ಬುಡಕ್ಕೆ, ಬೆಳಗ್ಗೆ. ಮಣ್ಣಿನ ಮೇಲೆ ಒಣ ಎಲೆಯ ಹೊದಿಕೆ, ದಂಟಿಗೆ ತಾಗದಂತೆ. ಆಸ್ಟರ್ ಮುಂದೆ ಗಿಡ್ಡ ಸೆಡಮ್ ಇದ್ದರೆ ಉದುರಿದ ಕೆಳ ಎಲೆಗಳ ಬೋಳು ಕಾಣುವುದಿಲ್ಲ.

ಎರಡು ಮೂರು ವರ್ಷಕ್ಕೊಮ್ಮೆ ಬುಡ ಬಿಡಿಸಬೇಕು. ಹೊಸ ಚಿಗುರು ಏಳುವಾಗ ಇಡೀ ಬುಡವನ್ನು ಅಗೆದು ತೆಗೆಯುತ್ತೇನೆ. ನಡುಭಾಗ ಮರದಂತೆ ಗಟ್ಟಿಯಾಗಿ ಸತ್ತಿರುತ್ತದೆ, ಅದನ್ನು ಎಸೆಯುತ್ತೇನೆ. ಹೊರ ಅಂಚಿನ ಮರಿಗಳನ್ನು ಬೇರಿನ ಸಮೇತ ಬಿಡಿಸಿ ನೆಡುತ್ತೇನೆ. ಗೋಲ್ಡನ್‌ರಾಡ್ ನೆಲದೊಳಗೆ ಹಬ್ಬುವ ಸ್ವಭಾವದ್ದು, ಪ್ರತಿ ವರ್ಷ ಅಂಚು ಕತ್ತರಿಸದಿದ್ದರೆ ಪಕ್ಕದ ಗಿಡವನ್ನು ನುಂಗುತ್ತದೆ.

ಇಷ್ಟೆಲ್ಲ ಮಾಡಿದ್ದಕ್ಕೆ ಸಿಗುವುದನ್ನು ಹತ್ತಿರದಿಂದ ನೋಡಬೇಕು. ಆಸ್ಟರ್‌ನ ಒಂದು ಹೂ ಅಂದರೆ ನಿಜವಾಗಿ ಹತ್ತಾರು ಪುಟ್ಟ ಹೂಗಳ ಗೊಂಚಲು. ಸುತ್ತಲಿನ ನೇರಳೆ ದಳ ಒಂದೊಂದೂ ಒಂದು ಹೂ, ನಡುವಿನ ಹಳದಿ ಚುಕ್ಕಿಯೂ ಒಂದೊಂದು ಹೂ. ಹಳದಿ ಹೂಗಳು ಹೊರಗಿನಿಂದ ಒಳಕ್ಕೆ ಸುತ್ತು ಸುತ್ತಾಗಿ ಅರಳುತ್ತವೆ, ಹಳತಾದಂತೆ ನಡುಭಾಗ ಕೆಂಪಗಾಗುತ್ತದೆ. ಜೇನ್ನೊಣಗಳು ಹಳದಿ ಇರುವುದಕ್ಕೇ ಜಾಸ್ತಿ ಬರುತ್ತವೆ. ಬೇರೆ ಹೂ ಸಿಗದ ಹೊತ್ತಿನಲ್ಲಿ ಅವುಗಳಿಗೆ ಈ ಪಾತಿಯೇ ಊಟ. ಅದಕ್ಕೆ ಹೂ ಇರುವಾಗ ನಾನು ಯಾವ ಔಷಧಿಯನ್ನೂ ಸಿಂಪಡಿಸುವುದಿಲ್ಲ.

ಹೂ ಮುಗಿದ ಮೇಲೂ ದಂಟು ಕತ್ತರಿಸಲು ಅವಸರ ಬೇಡ. ಬೀಜಕ್ಕೆ ಹಕ್ಕಿಗಳು ಬರುತ್ತವೆ, ಸೆಡಮ್‌ನ ಇಟ್ಟಿಗೆ ಬಣ್ಣದ ಒಣ ತಲೆ ನೋಡಲೂ ಚೆಂದ. ಬೂದಿ ರೋಗ ಹಿಡಿದದ್ದನ್ನು ಮಾತ್ರ ಆಗಲೇ ಕತ್ತರಿಸಿ ತೋಟದಿಂದ ಹೊರಗೆ ಹಾಕಿ, ಕಾಂಪೋಸ್ಟ್ ಗುಂಡಿಗೆ ಬೇಡ. ಉಳಿದದ್ದನ್ನು ಬುಡದಲ್ಲಿ ಹೊಸ ಚಿಗುರು ಕಂಡಾಗ ಕತ್ತರಿಸಿದರೆ ಸಾಕು.