ಹೆಸರು ಬರೆಯುವ ಸೇವೆ: ನನ್ನ ಅನುಭವ

ನಮ್ಮ ಸಭೆಯಲ್ಲಿ ಸೇವೆ ಅಂದರೆ ಕುರ್ಚಿ ಜೋಡಿಸುವುದು, ಕಾಯಿಲೆ ಬಿದ್ದವರ ಮನೆಗೆ ಅನ್ನ ಸಾರು ಒಯ್ಯುವುದು, ಭಾನುವಾರ ಮಕ್ಕಳಿಗೆ ಪಾಠ ಹೇಳುವುದು ಎಲ್ಲ ಇದೆ. ನನ್ನ ಪಾಲಿಗೆ ಬಂದದ್ದು ಸತ್ತವರ ಹೆಸರು ಓದಿ ಬರೆಯುವ ಕೆಲಸ. ನಾನು ಬಾದಾಮಿ ಕಡೆಯವನು, ಇರುವುದು ಬೆಂಗಳೂರಿನಲ್ಲಿ, ಸೇರಿರುವುದು ಕಡೇ ದಿನಗಳ ಸಂತರ ಯೇಸು ಕ್ರಿಸ್ತನ ಸಭೆಗೆ. ಮಾರ್ಮನ್ ಅಂದರೆ ಕೆಲವರಿಗೆ ಗೊತ್ತಾಗುತ್ತದೆ. ಉಳಿದವರು ‘ಅದೇನ್ರಿ ಅದು’ ಅಂತಾರೆ.

ವಂಶಾವಳಿಗೂ ದೇವರ ಸೇವೆಗೂ ಏನು ಸಂಬಂಧ ಅಂತ ಕೇಳುವವರಿಗೆ ಇಷ್ಟು ಹೇಳುತ್ತೇನೆ. ದೀಕ್ಷಾಸ್ನಾನ ಸಿಗದೆ ತೀರಿಕೊಂಡವರ ಪರವಾಗಿ ಬದುಕಿರುವವರು ವಿಶೇಷ ವಿಧಿಗಳಿಗೆಂದೇ ಕಟ್ಟಿದ ನಮ್ಮ ಟೆಂಪಲ್‌ನಲ್ಲಿ ಅದನ್ನು ಮಾಡಿಸಿಕೊಳ್ಳಬಹುದು ಎಂಬುದು ನಮ್ಮ ನಂಬಿಕೆ. ನಮ್ಮ ಸಭೆಯ ಸ್ಥಾಪಕ ಜೋಸೆಫ್ ಸ್ಮಿತ್ 1840ರಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ಒಬ್ಬರ ಅಂತ್ಯಕ್ರಿಯೆಯ ಹೊತ್ತಿನಲ್ಲಿ ಇದನ್ನು ಮೊದಲ ಸಲ ಬಹಿರಂಗವಾಗಿ ಬೋಧಿಸಿದರು. ಅದನ್ನು ಒಪ್ಪುವುದು ಬಿಡುವುದು ಆ ಸತ್ತವರಿಗೇ ಬಿಟ್ಟದ್ದು, ಬಲವಂತವಿಲ್ಲ. ಆದರೆ ಯಾರ ಪರವಾಗಿ ಅಂತ ಹೇಳಲು ಹೆಸರು ಬೇಕು, ಊರು ಬೇಕು, ಹುಟ್ಟಿದ ವರ್ಷ ಬೇಕು, ಇಂಥವರ ಮಗ ಇಂಥವರ ಮಗಳು ಅಂತ ಬೇಕು. ಅದಕ್ಕಾಗಿಯೇ 1894ರಲ್ಲಿ ಯೂಟಾದಲ್ಲಿ ವಂಶಾವಳಿ ಸಂಘವೊಂದು ಹುಟ್ಟಿತು. 1938ರಿಂದ ದಾಖಲೆಗಳನ್ನು ಮೈಕ್ರೋಫಿಲ್ಮ್ ಮಾಡತೊಡಗಿತು. ಸಾಲ್ಟ್ ಲೇಕ್ ಸಿಟಿಯ ಹತ್ತಿರ ಗ್ರಾನೈಟ್ ಬೆಟ್ಟ ಕೊರೆದು ಮಾಡಿದ ಉಗ್ರಾಣದಲ್ಲಿ ಆ ಸುರುಳಿಗಳು 24 ಲಕ್ಷದಷ್ಟಿವೆ. ಅವೆಲ್ಲ ಡಿಜಿಟಲ್ ಆಗಿ ಮುಗಿದದ್ದು 2021ರಲ್ಲಿ. ಆದರೆ ಪುಟದ ಫೋಟೋ ಇದ್ದರಷ್ಟೇ ಸಾಲದು. ಯಾರಾದರೂ ಕೂತು ಓದಿ ಟೈಪ್ ಮಾಡದಿದ್ದರೆ ಒಳಗಿರುವ ಹೆಸರು ಹುಡುಕಿದರೂ ಸಿಗುವುದಿಲ್ಲ. ಹಾಗೆ ಟೈಪ್ ಮಾಡುವುದಕ್ಕೆ ಇಂಡೆಕ್ಸಿಂಗ್ ಅನ್ನುತ್ತೇವೆ.

ರಾತ್ರಿ ಊಟವಾದ ಮೇಲೆ ಲ್ಯಾಪ್‌ಟಾಪ್ ತೆಗೆದು ನಮ್ಮ ಸಭೆಯ ವಂಶಾವಳಿ ಜಾಲತಾಣವಾದ ಫ್ಯಾಮಿಲಿಸರ್ಚ್‌ನಲ್ಲಿ ಒಂದು ಬ್ಯಾಚ್ ತೆಗೆದುಕೊಳ್ಳುತ್ತೇನೆ. ಮೇಲೆ ಹಳೆಯ ಪುಟ, ಕೆಳಗೆ ಖಾಲಿ ಕಾಲಮ್ಮುಗಳು. ಇಲ್ಲಿನ ಮೊದಲ ಪಾಠ, ಇರುವುದನ್ನು ಬರೆ, ಇರಬೇಕಾದದ್ದನ್ನಲ್ಲ. ಒಂದು ಅಕ್ಷರ ತಿಳಿಯದಿದ್ದರೆ ಅಲ್ಲಿ ಪ್ರಶ್ನಾರ್ಥಕ ಚಿಹ್ನೆ, ಹಲವು ಅಕ್ಷರ ತಿಳಿಯದಿದ್ದರೆ ನಕ್ಷತ್ರ. ಖಾಲಿ ಬಿಟ್ಟ ಜಾಗಕ್ಕೊಂದು ಗುರುತು, ಓದಲಾಗದ ಜಾಗಕ್ಕೆ ಬೇರೆಯೇ ಗುರುತು. ಹಳೇ ಗುಮಾಸ್ತರು ಜಾನ್ ಅನ್ನುವುದನ್ನು ಜೆ, ಎನ್, ಓ ಅಂತ ಮೂರೇ ಅಕ್ಷರದಲ್ಲಿ ಮುಗಿಸುತ್ತಿದ್ದರು. ಜೊನಾಥನ್ ಇರಬೇಕು ಅಂತ ಕೈ ತುರಿಸುತ್ತದೆ. ತಡೆದುಕೊಳ್ಳಬೇಕು. ಎರಡು ‘ಎಸ್’ ಜೊತೆಯಾಗಿ ಬಂದರೆ ಮೊದಲನೆಯದು ‘ಎಫ್’ನಂತೆ ಕಾಣುತ್ತದೆ. ಜೆಸ್ಸಿ ಎಂಬುವನನ್ನು ಜೆಫ್ಸಿ ಮಾಡಿಬಿಟ್ಟರೆ ಅವನ ಮರಿಮೊಮ್ಮಕ್ಕಳು ಎಷ್ಟು ಹುಡುಕಿದರೂ ಅವನು ಸಿಗುವುದಿಲ್ಲ.

ನನ್ನನ್ನು ಈ ಕೆಲಸಕ್ಕೆ ಕಟ್ಟಿಹಾಕಿದ್ದು ಫ್ರೀಡ್‌ಮೆನ್ಸ್ ಬ್ಯೂರೋ ದಾಖಲೆಗಳು. ಅಮೆರಿಕದ ಅಂತರ್ಯುದ್ಧ ಮುಗಿಯುವ ಹೊತ್ತಿಗೆ, 1865ರಲ್ಲಿ, ಬಿಡುಗಡೆಯಾದ ಗುಲಾಮರ ನೆರವಿಗೆ ಅಲ್ಲಿನ ಸರ್ಕಾರ ಮಾಡಿದ ಇಲಾಖೆ ಅದು. ಅದಕ್ಕೂ ಹಿಂದಿನ 1850, 1860ರ ಜನಗಣತಿಯ ಗುಲಾಮರ ಪಟ್ಟಿಯನ್ನು ನೋಡಬೇಕು: ಮಾಲೀಕನ ಹೆಸರು ದೊಡ್ಡದಾಗಿ, ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ. ಹೆಸರು ಹೆಚ್ಚುಕಡಿಮೆ ಇಲ್ಲವೇ ಇಲ್ಲ, ದನದ ಲೆಕ್ಕದ ಹಾಗೆ. ಅವರಲ್ಲಿ ಹೆಚ್ಚಿನವರು ಜನಗಣತಿಯಲ್ಲಿ ಹೆಸರಿನೊಂದಿಗೆ ಕಾಣಿಸುವುದು 1870ರಲ್ಲೇ. ಆ ನಡುವಿನ ವರ್ಷಗಳನ್ನು ತುಂಬುವುದು ಈ ಬ್ಯೂರೋದ ಕಾಗದಗಳು: ಕೂಲಿ ಕರಾರು, ಮದುವೆ ನೋಂದಣಿ, ಪಡಿತರದ ಪಟ್ಟಿ, ಆಸ್ಪತ್ರೆಯ ಪುಸ್ತಕ.

ಕೂಲಿ ಕರಾರಿನ ಕೊನೆಯಲ್ಲಿ ಒಂದು ಗೀಟು, ಅದರ ಮೇಲೊಂದು ಅಡ್ಡಗೀಟು. ಆ ಗುರುತಿನ ಒಂದು ಪಕ್ಕ ಅವನ ಹೆಸರು, ಇನ್ನೊಂದು ಪಕ್ಕ ಅಡ್ಡಹೆಸರು, ಮೇಲೆ ಕೆಳಗೆ ‘ಇವನ ಗುರುತು’ ಅಂತ ಗುಮಾಸ್ತನ ಅಕ್ಷರ. ನಮ್ಮ ಹೆಬ್ಬೆಟ್ಟಿನ ಸಹಿಯೇ. ಗುಮಾಸ್ತನ ಬರಹ ಒಂದೇ ಸಮ ಓಡುತ್ತದೆ, ಗೀಟು ಮಾತ್ರ ಪ್ರತಿಯೊಬ್ಬನದೂ ಬೇರೆ. ಒಬ್ಬ ಒತ್ತಿ ಎಳೆದಿರುತ್ತಾನೆ, ಮತ್ತೊಬ್ಬನದು ಲೇಖನಿ ಮುಟ್ಟಿಸಿದಷ್ಟೇ. ನಾನು ಟೈಪ್ ಮಾಡುವುದು ಹೆಸರನ್ನು. ಗೀಟಿಗೆ ಕಾಲಮ್ಮಿಲ್ಲ. ಆದರೂ ಅದನ್ನು ನೋಡದೆ ಮುಂದಕ್ಕೆ ಹೋಗಲು ನನಗೆ ಆಗಿಲ್ಲ.

ಈ ಬ್ಯೂರೋ ದಾಖಲೆಗಳ ಇಂಡೆಕ್ಸಿಂಗ್ ಯೋಜನೆ 2015ರ ಜೂನ್ 19ಕ್ಕೆ ಶುರುವಾಗಿ ಮರುವರ್ಷ ಮುಗಿಯಿತು. 25 ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ಸೇರಿ ಸುಮಾರು 18 ಲಕ್ಷ ಹೆಸರು ತೆಗೆದರು. ಅದರಲ್ಲಿ ನನ್ನ ಪಾಲು ಲೆಕ್ಕಕ್ಕೆ ಹಿಡಿಯುವಂಥದ್ದಲ್ಲ. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಕೆಲಸ ಯೂಟಾದ ಜೈಲಿನ ಕೈದಿಗಳದು. ಬಿಡುಗಡೆಯಾದ ಗುಲಾಮರು ಹಣ ಇಡುತ್ತಿದ್ದ ಫ್ರೀಡ್‌ಮನ್ಸ್ ಬ್ಯಾಂಕಿನ ಖಾತೆ ಪುಸ್ತಕಗಳಲ್ಲಿ ಅಪ್ಪ, ಅಮ್ಮ, ಒಡಹುಟ್ಟಿದವರು, ಕೆಲವೆಡೆ ಹಳೆಯ ಮಾಲೀಕನ ಹೆಸರೂ ಇದೆ. 550 ಕೈದಿಗಳು 11 ವರ್ಷ ಕೂತು ಅದರಿಂದ 4,80,000 ಹೆಸರು ಎತ್ತಿಕೊಟ್ಟರು, 2001ರಲ್ಲಿ ಅದು ಹೊರಬಂತು. ಸಂಬಳವಿಲ್ಲ, ಹೊರಗಿನ ಚಪ್ಪಾಳೆಯೂ ಇಲ್ಲ. ಸೇವೆ ಯಾವುದು ಅಂತ ಯಾರಾದರೂ ಕೇಳಿದರೆ ನಾನು ತೋರಿಸುವುದು ಅವರನ್ನೇ.

ಈಗ ಕಂಪ್ಯೂಟರೇ ಕೈಬರಹ ಓದುತ್ತದೆ. 1950ರ ಅಮೆರಿಕದ ಜನಗಣತಿ 72 ವರ್ಷದ ಗೌಪ್ಯತೆಯ ಗಡುವು ಮುಗಿದು 2022ರಲ್ಲಿ ಬಿಡುಗಡೆಯಾದಾಗ ಮೊದಲ ಓದು ಯಂತ್ರದ್ದು, ತಿದ್ದುವುದು ಮಾತ್ರ ನಮ್ಮದು. ಕೆಲಸ ಬೇಗ ಆಗುತ್ತದೆ, ಒಪ್ಪುತ್ತೇನೆ. ಆದರೆ ಬೇರೆಯವರು ಬರೆದದ್ದಕ್ಕೆ ಹೂಂಗುಟ್ಟುವಾಗ ಕಣ್ಣು ಸೋಮಾರಿಯಾಗುತ್ತದೆ. ನಾನು ಈಗಲೂ ಮೊದಲು ಪುಟ ಓದಿಕೊಂಡು ಆಮೇಲೆ ಯಂತ್ರದ ಓದು ನೋಡುತ್ತೇನೆ.

ಪರರ ಮನೆತನ ಇಷ್ಟಾಯಿತು, ನಿನ್ನದೆಲ್ಲಿ ಅಂತ ವಾರ್ಡಿನಲ್ಲಿ, ಅಂದರೆ ನಮ್ಮ ಸ್ಥಳೀಯ ಸಭೆಯಲ್ಲಿ, ಕೇಳತೊಡಗಿದರು. ಅದಕ್ಕೆ ಕಾರಣವೂ ಇತ್ತು. ಮೊದಲೆಲ್ಲ ಇಲ್ಲಿಯ ಸದಸ್ಯರು ಟೆಂಪಲ್‌ಗೆ ಹಾಂಗ್‌ಕಾಂಗ್‌ವರೆಗೆ ಹೋಗಬೇಕಿತ್ತು. 2018ರಲ್ಲಿ ಬೆಂಗಳೂರಿಗೇ ಟೆಂಪಲ್ ಘೋಷಣೆಯಾಗಿ 2020ರ ಡಿಸೆಂಬರ್‌ನಲ್ಲಿ ಭೂಮಿ ಅಗೆದ ಮೇಲೆ ಎಲ್ಲರೂ ಮನೆಯ ಹೆಸರು ಬರೆದಿಟ್ಟುಕೊಳ್ಳಲು ಕೂತರು. ಕೂತ ಮೇಲೆ ಗೊತ್ತಾಯಿತು, ಅಮೆರಿಕದ ಹೊಲದಾಳುಗಳ ಹೆಸರು ಸಿಕ್ಕಷ್ಟು ಸುಲಭವಾಗಿ ನಮ್ಮ ಮುತ್ತಜ್ಜಿಯ ಹೆಸರು ಸಿಗುವುದಿಲ್ಲ. ಜನನ ಮರಣ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾಯ್ದೆ ಬಂದದ್ದೇ 1969ರಲ್ಲಿ. ನಮ್ಮ ಕಡೆ ಮದುವೆಯಲ್ಲಿ ಹೆಣ್ಣಿನ ಹೆಸರನ್ನೇ ಬದಲಾಯಿಸುತ್ತಿದ್ದರು, ಹಾಗಾಗಿ ತವರಿಗೊಂದು ಹೆಸರು, ಗಂಡನ ಮನೆಗೊಂದು. ಅಜ್ಜನ ಹೆಸರು ಮೊಮ್ಮಗನಿಗೆ ಇಡುವುದರಿಂದ ಬಸಪ್ಪನ ಮಗ ಮಲ್ಲಪ್ಪ, ಮಲ್ಲಪ್ಪನ ಮಗ ಮತ್ತೆ ಬಸಪ್ಪ. ಇಸವಿ ಕೇಳಿದರೆ ಯಾರೂ ಹೇಳುವುದಿಲ್ಲ. ‘ಗಾಂಧಿ ಸತ್ತಾಗ ತೊಟ್ಟಿಲಾಗ ಇದ್ದೆ’ ಅಂದರೆ ಅದೇ ಇಸವಿ.

ದೊಡ್ಡಪ್ಪನ ಹತ್ತಿರ ಹೋದೆ. ಹೆಸರು ಹೇಳುತ್ತ ಹೇಳುತ್ತ ಯಾಕೆಂದು ಕೇಳಿದ, ನಾನು ಮುಚ್ಚಿಡಲಿಲ್ಲ.

‘ಬದುಕಿದ್ದಾವ ನೀನು ಹೋದಿ, ಆತು. ಸತ್ತವರನ್ನೂ ಬಿಡಂಗಿಲ್ಲೇನ್ಲೇ?’

‘ಒಪ್ಪೂದು ಬಿಡೂದು ಅವರಿಗೇ ಬಿಟ್ಟಿದ್ದು, ದೊಡ್ಡಪ್ಪ.’

‘ಅವರೇನ್ ನಿನಗ ಪತ್ರಾ ಬರದು ಹೇಳ್ತಾರೇನು?’

ನನ್ನ ಹತ್ತಿರ ಉತ್ತರವಿರಲಿಲ್ಲ. ನಿಯಮ ಮಾತ್ರ ಇತ್ತು. ಕಳೆದ 110 ವರ್ಷದೊಳಗೆ ಹುಟ್ಟಿದವರ ಪರವಾಗಿ ಏನು ಮಾಡಿಸಬೇಕಾದರೂ ಬದುಕಿರುವ ಹತ್ತಿರದ ಸಂಬಂಧಿಯ ಒಪ್ಪಿಗೆ ಬೇಕು, ಮತ್ತು ಹೆಸರು ಕೊಡುವುದು ನಮ್ಮ ನಮ್ಮ ಮನೆತನದ್ದಾಗಿರಬೇಕು. ಹಿಟ್ಲರನ ಕಾಲದಲ್ಲಿ ಕೊಲೆಯಾದ ಯಹೂದಿಗಳ ಹೆಸರುಗಳನ್ನು ಕೆಲವರು ಕೊಟ್ಟದ್ದಕ್ಕೆ ಅವರ ಸಮುದಾಯ ನೊಂದು ಪ್ರತಿಭಟಿಸಿ, 1995ರಲ್ಲಿ ಸಭೆ ಅವರೊಡನೆ ಒಪ್ಪಂದವನ್ನೇ ಮಾಡಿಕೊಳ್ಳಬೇಕಾಯಿತು. ಆ ಸಿಟ್ಟು ನ್ಯಾಯದ್ದು ಅಂತ ನನಗೆ ಅನ್ನಿಸುತ್ತದೆ. ದೊಡ್ಡಪ್ಪ ಬೇಡ ಅಂದ. ಅಜ್ಜನ ಹೆಸರು ನನ್ನ ವಂಶವೃಕ್ಷದಲ್ಲಿದೆ, ಟೆಂಪಲ್‌ಗೆ ಹೋಗುವ ಪಟ್ಟಿಯಲ್ಲಿಲ್ಲ. ಸಭೆಯಲ್ಲಿ ಕೆಲವರಿಗೆ ಇದು ಹಿಂಜರಿಕೆಯಾಗಿ ಕಾಣುತ್ತದೆ. ಕಾಣಲಿ.

ದಾರಿ ತೋರಿಸಿದ್ದೂ ದೊಡ್ಡಪ್ಪನೇ. ‘ಹೆಳವ ಬರ್ತಾನಲ್ಲ, ಅವನ್ನ ಕೇಳು’ ಅಂದ. ಸುಗ್ಗಿ ಮುಗಿದ ಮೇಲೆ ಎತ್ತಿನೊಂದಿಗೆ ಮನೆ ಮುಂದೆ ಬಂದು, ಗಂಟೆ ಬಾರಿಸಿ, ಆ ಮನೆತನದ ತಲೆಮಾರುಗಳನ್ನು ಹಾಡಿ ಹೇಳಿ, ಕಾಳು ಬಟ್ಟೆ ಇಸಿದುಕೊಂಡು ಹೋಗುವ ಹೆಳವರು ಉತ್ತರ ಕರ್ನಾಟಕದವರಿಗೆ ಹೊಸಬರೇನಲ್ಲ. ನಮ್ಮ ಮನೆಗೆ ಬಂದಾತ ಹೊತ್ತಿಗೆ ಬಿಚ್ಚಿ ಓದುತ್ತ ಹೋದ. ದೊಡ್ಡಪ್ಪ ಬಾಯಲ್ಲಿ ಹೇಳಿದ್ದಕ್ಕಿಂತ ಎಷ್ಟೋ ಹಿಂದಕ್ಕೆ, ನಮ್ಮ ಹಿರಿಯರು ಯಾವ ಊರು ಬಿಟ್ಟು ಇಲ್ಲಿಗೆ ಬಂದರು ಎಂಬಲ್ಲಿಯವರೆಗೂ ಹೋಯಿತು. ಆತ ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡೆ. ಎರಡು ಕಡೆ ದೊಡ್ಡಪ್ಪನ ಮಾತಿಗೂ ಹೊತ್ತಿಗೆಗೂ ತಾಳೆಯಾಗಲಿಲ್ಲ, ಎರಡನ್ನೂ ಇಟ್ಟುಕೊಂಡಿದ್ದೇನೆ.

ಬರೇ ಗಂಡಸರ ಹೆಸರೇ ಇದ್ದವು. ಹೆಣ್ಣುಮಕ್ಕಳದು ಎಲ್ಲಿ ಅಂತ ಕೇಳಿದೆ. ಅವರು ಬೇರೆ ಮನೆಗೆ ಹೋಗುವವರು, ಅಲ್ಲಿಯ ಲೆಕ್ಕಕ್ಕೆ ಅಂದ. ದೊಡ್ಡಮ್ಮ ಬಾಗಿಲಲ್ಲೇ ನಿಂತು, ‘ಅಲ್ಲಿ ಹೊತ್ತಿಗ್ಯಾಗೂ ನಾವಿಲ್ಲ ತಗೋ, ನೋಡೀನಿ’ ಅಂದಳು. ಹಾಗಾದರೆ ಈ ಸಲದಿಂದ ಸೊಸೆಯಂದಿರು, ಮಗಳಂದಿರು ಎಲ್ಲರನ್ನೂ ಸೇರಿಸು ಅಂದೆವು. ಆತ ಸ್ವಲ್ಪ ಹೊತ್ತು ಯೋಚಿಸಿ, ಹೆಸರು ಹೆಚ್ಚಾದರೆ ಇನ್ನೊಂದು ಚೀಲ ಜೋಳ ಆಗುತ್ತದೆ ಅಂದ. ದೊಡ್ಡಪ್ಪ ಅರ್ಧ ಚೀಲಕ್ಕೆ ಇಳಿಸಲು ನೋಡಿದ, ದೊಡ್ಡಮ್ಮ ಬಿಡಲಿಲ್ಲ.