ಕೋಬಾಲ್ಟ್ ಕ್ರೋಮ್ ಚೆಂಡು: ಲೇತ್ ಮುಂದೆ ನಿಂತು ಕಲಿತದ್ದು

ಸೊಂಟದ ಕೀಲು ಬದಲಿಸುವಾಗ ತೊಡೆ ಮೂಳೆಯೊಳಗೆ ಒಂದು ಲೋಹದ ಕಡ್ಡಿ ಇಳಿಸಿ, ಅದರ ತುದಿಗೆ ಚೆಂಡು ಕೂರಿಸುತ್ತಾರೆ. ಸಿಎನ್‌ಸಿ ಲೇತ್‌ನಲ್ಲಿ (ಲೋಹವನ್ನು ತಿರುಗಿಸುತ್ತಾ ಕತ್ತರಿಸುವ, ಕಂಪ್ಯೂಟರ್ ನಡೆಸುವ ಮೆಷಿನ್) ನಾನು ಮಾಡುವುದು ಆ ಚೆಂಡು. 28, 32, 36 ಮಿಲಿಮೀಟರ್ ಅಳತೆಯವು ಜಾಸ್ತಿ. ಲೋಹ ಕೋಬಾಲ್ಟ್ ಕ್ರೋಮ್. ಕ್ರೋಮಿಯಂ ಶೇ. 26ರಿಂದ 30, ಮಾಲಿಬ್ಡಿನಂ ಶೇ. 5ರಿಂದ 7, ಉಳಿದದ್ದು ಹೆಚ್ಚುಕಡಿಮೆ ಎಲ್ಲ ಕೋಬಾಲ್ಟ್.

ಅದಕ್ಕೂ ಮೊದಲು ನನ್ನ ಕೈ ಪಳಗಿದ್ದು ಸ್ಟೀಲ್ ಮೇಲೆ. ಇದು ಗಟ್ಟಿ ಲೋಹ, ಮೆತ್ತಗೆ ತೆಗೆಯೋಣ ಅಂತ ಫೀಡ್ (ಪ್ರತಿ ಸುತ್ತಿಗೆ ಟೂಲ್ ಮುಂದೆ ಸರಿಯುವ ಅಳತೆ) ಇಳಿಸಿದೆ, ಕಟ್ ತೆಳ್ಳಗೆ ಇಟ್ಟೆ. ಮೈ ಫಳಫಳ ಹೊಳೆಯಿತು. ಖುಷಿಯೂ ಆಯಿತು. ಮೂರನೇ ಕಟ್‌ಗೆ ಟೂಲ್ ಕೀರಲು ದನಿ ತೆಗೆಯಿತು. ಇನ್ಸರ್ಟ್ (ಟೂಲ್ ತುದಿಯ, ಬದಲಿಸಬಹುದಾದ ಕತ್ತರಿಸುವ ತುಣುಕು) ಬಿಚ್ಚಿ ನೋಡಿದರೆ ಅಂಚಿನಲ್ಲಿ ಒಂದೇ ಕಡೆ ಇಲಿ ಕಡಿದ ಹಾಗೆ ಕಚ್ಚು ಬಿದ್ದಿತ್ತು.

ಈ ಲೋಹಕ್ಕೆ ಒತ್ತು ಬಿದ್ದ ಕಡೆ ಒಳಗಿನ ಹರಳುಗಳ ಜೋಡಣೆಯೇ ಬದಲಾಗುತ್ತದೆ, ಅಲ್ಲೇ ಇನ್ನಷ್ಟು ಗಟ್ಟಿಯಾಗುತ್ತದೆ. ಟೂಲ್ ಕತ್ತರಿಸದೆ ಸುಮ್ನೆ ಉಜ್ಜಿದರೆ ಮೇಲೆ ಗಡಸು ಪದರ ಕಟ್ಟುತ್ತದೆ. ನನ್ನ ತೆಳ್ಳನೆ ಕಟ್ ಓಡುತ್ತಿದ್ದದ್ದು ಆ ಪದರದೊಳಗೆ. ಬಿಸಿಯೂ ಲೋಹದೊಳಗೆ ಬೇಗ ಹರಡುವುದಿಲ್ಲ, ಟೂಲ್ ತುದಿಯಲ್ಲೇ ನಿಲ್ಲುತ್ತದೆ. ಈಗ ಲೋಹ ತಿರುಗುವ ವೇಗ ಇಳಿಸುತ್ತೇನೆ, ಫೀಡ್ ಇಳಿಸುವುದಿಲ್ಲ. ಪ್ರತಿ ಕಟ್ ಹಿಂದಿನ ಗಡಸು ಪದರದ ಕೆಳಗೆ ಹೋಗಬೇಕು. ಕಟ್ ನಡುವೆ ಟೂಲ್ ನಿಲ್ಲಬಾರದು. ಕೂಲಂಟ್ (ತಣಿಸುವ ದ್ರವ) ಜೋರಾಗಿ ನೇರ ತುದಿಗೇ ಬೀಳಬೇಕು. ಇನ್ಸರ್ಟ್ ಸವೆಯುವ ತನಕ ಕಾಯುವುದಿಲ್ಲ, ಚೆಂಡು ಲೆಕ್ಕ ಹಾಕಿ ಬದಲಿಸುತ್ತೇನೆ.

ಎಲ್ಲರ ಕಣ್ಣು ಚೆಂಡಿನ ಹೊರಮೈ ಮೇಲೆ. ನನಗೆ ಒಳಗಿನ ಟೇಪರ್ ತೂತಿನ (ಒಳಹೋದಂತೆ ಕಿರಿದಾಗುವ ತೂತು) ಚಿಂತೆ ಅಷ್ಟೇ ಇರುತ್ತದೆ. ಕಡ್ಡಿಯ ಕುತ್ತಿಗೆ ಅಲ್ಲಿ ಬಿಗಿಯಾಗಿ ಕೂರದಿದ್ದರೆ ಹೆಜ್ಜೆ ಹೆಜ್ಜೆಗೂ ಕೂದಲೆಳೆಯಷ್ಟು ಅಲುಗುತ್ತದೆ. ಲೋಹದ ಮೇಲಿನ ರಕ್ಷಣೆಯ ಪದರ ಕಿತ್ತು ತುಕ್ಕು ಶುರುವಾಗುತ್ತದೆ. ಉದುರಿದ ಲೋಹ ಸುತ್ತಲಿನ ಮಾಂಸವನ್ನೇ ಕೆಡಿಸಬಹುದು. ಹಾಗಾಗಿ ಪ್ರತಿ ತೂತಿಗೂ ಗೇಜ್ ಹಾಕಿಯೇ ಮುಂದಕ್ಕೆ ಕಳಿಸುತ್ತೇನೆ.

ಗ್ರೈಂಡಿಂಗ್ ಧೂಳನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬೇಡಿ. ಕೋಬಾಲ್ಟ್ ಶ್ವಾಸಕೋಶಕ್ಕೆ ಕೆಟ್ಟದ್ದು. ಧೂಳು ಹೀರುವ ಮೆಷಿನ್ ಓಡದಿದ್ದರೆ ನಾನು ಕೆಲಸ ಮುಟ್ಟುವುದಿಲ್ಲ.

ಕೊನೆಗೆ ಪಾಲಿಶ್. ಸೊಂಟದ ಗುಳಿಯಲ್ಲಿ ಕೂರಿಸುವ ಪ್ಲಾಸ್ಟಿಕ್ ಬಟ್ಟಲಿನ ಮೇಲೆ ಆಡುವ ಲೋಹದ ಚೆಂಡಿನ ಒರಟುತನ 0.05 ಮೈಕ್ರಾನ್ ದಾಟಬಾರದು. ಒಂದು ಸಲ ಎಲ್ಲ ಮುಗಿದ ಚೆಂಡನ್ನು ಲೂಪ್ (ಭೂತಗನ್ನಡಿ) ಕೆಳಗೆ ತಿರುಗಿಸುತ್ತಿದ್ದೆ. ಬೆಳಕು ಓರೆಯಾದಾಗ ಒಂದು ಗೀರು ಮಿಂಚಿ ಮಾಯವಾಯಿತು. ಉಗುರಿಗೆ ಸಿಗಲಿಲ್ಲ. "ಇನ್ನೊಂದು ಸುತ್ತು ಪಾಲಿಶ್ ಹೊಡೆದರೆ ಹೋಗುತ್ತೆ ಬಿಡಿ ಸಾರ್" ಅಂದ ಜೊತೆಗಿದ್ದ ಹುಡುಗ. ಗೀರು ಹೋಗುತ್ತದೆ, ಆದರೆ ಆ ಜಾಗದಲ್ಲಿ ಗುಂಡಗಿನ ಆಕಾರ ಕೆಡುತ್ತದೆ. ಹಾಗೇ ಬಿಟ್ಟರೆ ಗೀರಿನ ಎದ್ದ ಅಂಚು ವರ್ಷಗಟ್ಟಲೆ ಬಟ್ಟಲನ್ನು ಅರದಂತೆ ಕೆರೆಯುತ್ತದೆ, ಅಲ್ವಾ? ಸ್ಕ್ರ್ಯಾಪ್‌ಗೆ ಹಾಕಿದೆ.

ಗೀರು ಬಂದದ್ದು ಎಲ್ಲಿಂದ ಅಂತ ಹುಡುಕಿದೆವು. ಒರಟು ಪೇಸ್ಟ್‌ಗೆ ಬಳಸಿದ ಬಟ್ಟೆ ನುಣುಪು ಪೇಸ್ಟ್‌ನ ಡಬ್ಬಿಯಲ್ಲಿತ್ತು. ಅದರಲ್ಲಿ ಉಳಿದಿದ್ದ ಒಂದು ಕಣ ಸಾಕಾಯಿತು. ಅವತ್ತಿನಿಂದ ಪ್ರತಿ ಹಂತಕ್ಕೂ ಬೇರೆ ಬಣ್ಣದ ಬಟ್ಟೆ, ಬೇರೆ ಡಬ್ಬಿ. ನಡುವೆ ಚೆಂಡನ್ನೂ ಕೈಯನ್ನೂ ತೊಳೆಯುತ್ತೇವೆ.