ಮಕ್ಕಳೊಂದಿಗೆ ಬಯಲಾಟ: ಅರ್ಧದಲ್ಲಿ ಎದ್ದು ಬರುವ ಕ್ರಮ ನಮಗೆ ಒಗ್ಗಿದ ಬಗೆ

ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಯಕ್ಷಗಾನ ಬಯಲಾಟಕ್ಕೆ ಹೋದರೆ ಆಟವನ್ನೂ ನೋಡಿದಂತಾಗುವುದಿಲ್ಲ, ಮಕ್ಕಳನ್ನೂ ನೋಡಿಕೊಂಡಂತಾಗುವುದಿಲ್ಲ ಎಂದು ನಮ್ಮ ಮನೆಯಲ್ಲಿ ಎಲ್ಲರ ಅಭಿಪ್ರಾಯವಾಗಿತ್ತು. "ಅವಕ್ಕೆ ಹತ್ತು ವರ್ಷ ದಾಟಲಿ ಮಗಳೇ, ಆಮೇಲೆ ಅವೇ ಹೋಗುತ್ತವೆ" ಎಂದು ಅತ್ತೆಯವರು ಹೇಳುತ್ತಿದ್ದರು. ಆದರೆ ನಮ್ಮ ನೆರೆಕರೆಯಲ್ಲಿ ಹತ್ತು ದಾಟಿದ ಯಾವ ಮಗುವೂ ತಾನಾಗಿ ಆಟಕ್ಕೆ ಹೋದುದನ್ನು ನಾನು ಕಂಡಿರಲಿಲ್ಲ. ಚೆಂಡೆಯ ಸದ್ದು ಅಂಗಳದವರೆಗೆ ಕೇಳಿಸುವ ಊರಿನಲ್ಲಿದ್ದೂ ಮಕ್ಕಳು ಒಳಗೆ ಮೊಬೈಲ್ ಹಿಡಿದು ಕುಳಿತಿರುತ್ತಿದ್ದರು. ಹಾಗಾಗಿ ಮಗನಿಗೆ ಏಳು, ಮಗಳಿಗೆ ನಾಲ್ಕು ತುಂಬಿದ ವರ್ಷದಿಂದಲೇ ನಾವು ಹೊರಟೆವು. ಇದೀಗ ಮೇಳಗಳು (ಆಟದ ತಂಡಗಳು) ಊರೂರು ಸುತ್ತುವ ನಾಲ್ಕೈದು ತಿರುಗಾಟದ ಋತುಗಳು ಕಳೆದಿವೆ. ಕಾಸರಗೋಡು ಜಿಲ್ಲೆಯ ನೀರ್ಚಾಲು, ಬದಿಯಡ್ಕ, ಕುಂಬಳೆ, ಮಧೂರು, ಮುಳ್ಳೇರಿಯ ಸುತ್ತಿನಲ್ಲಿ ನಡೆಯುವ ಆಟಗಳಲ್ಲಿ ವರ್ಷಕ್ಕೆ ಹದಿನೈದರಷ್ಟಕ್ಕಾದರೂ ನಾಲ್ವರೂ ಒಟ್ಟಿಗೆ ಹೋಗುತ್ತೇವೆ, ಮತ್ತು ಈಗ ಹೊರಡಿಸುವವರು ಮಕ್ಕಳೇ.

ಮೊದಲ ವರ್ಷ ಮಾಡಿದ ಪ್ರಯತ್ನಗಳಲ್ಲಿ ಹೆಚ್ಚಿನವು ಕೈ ಹಿಡಿಯಲಿಲ್ಲ. ಹಾಡು ಕಿವಿಗೆ ಬಿದ್ದು ರೂಢಿಯಾಗಲಿ ಎಂದು ಟಿವಿಯಲ್ಲಿ ಯೂಟ್ಯೂಬಿನ ಆಟಗಳನ್ನು ಹಾಕಿದರೆ ಹತ್ತು ನಿಮಿಷದಲ್ಲಿ ಇಬ್ಬರೂ ಎದ್ದು ಹೋಗುತ್ತಿದ್ದರು. ಮಂಗಳೂರಿನ ಪುರಭವನದಲ್ಲಿ ಟಿಕೇಟಿನ ಆಟವೊಂದಿತ್ತು, ಒಳ್ಳೆಯ ಕಲಾವಿದರ ಕೂಡಾಟ. ಟಿಕೇಟು, ರೈಲು, ಆಟೋ, ಹೋಟೆಲಿನ ಊಟ ಎಲ್ಲ ಸೇರಿ ಎರಡು ಸಾವಿರದ ಹತ್ತಿರ ಹೋಯಿತು, ಮಗಳು ಮೊದಲ ಒಂದು ಗಂಟೆಯಲ್ಲೇ ಮಡಿಲಲ್ಲಿ ನಿದ್ದೆ ಹೋದಳು. ಕತ್ತಲೆಯ ಸಭಾಂಗಣದಲ್ಲಿ ಮೆತ್ತನೆಯ ಕುರ್ಚಿಗೆ ಒರಗಿ ಕುಳಿತ ಮಗು ನಿದ್ದೆ ಮಾಡದೆ ಇನ್ನೇನು ಮಾಡೀತು? ಬಯಲಿನಲ್ಲಿ ಚಾಪೆಯ ಮೇಲೆ ಕುಳಿತ ಮಗು ಎದ್ದು ನಿಲ್ಲಬಹುದು, ಹಿಂದಕ್ಕೆ ಓಡಿ ಬರಬಹುದು, ವೇಷದ ಜೊತೆಗೆ ತಾನೂ ಕುಣಿಯಬಹುದು. ಸಭಾಂಗಣವನ್ನು ಆ ದಿನವೇ ಪಟ್ಟಿಯಿಂದ ತೆಗೆದುಹಾಕಿದೆ.

ಚೆಂಡೆಯ ಸದ್ದಿಗೆ ಮಗಳು ಕಿವಿ ಮುಚ್ಚಿಕೊಳ್ಳುತ್ತಿದ್ದುದರಿಂದ ಆನ್‌ಲೈನಿನಲ್ಲಿ ಆರುನೂರು ರೂಪಾಯಿಯಷ್ಟು ಕೊಟ್ಟು ಕಿವಿಗೆ ಹಾಕುವ ಮಫ್ ತರಿಸಿದೆವು. ಅದು ಸೆಕೆಗೆ ಬೆವರಿ ಎರಡನೆಯ ಪದ (ಆಟದ ಹಾಡು) ಮುಗಿಯುವಷ್ಟರಲ್ಲಿ ಚಾಪೆಯ ಮೇಲೆ ಬಿದ್ದಿರುತ್ತಿತ್ತು. ವಾಸ್ತವದಲ್ಲಿ ಮಕ್ಕಳನ್ನು ಬೆಚ್ಚಿಬೀಳಿಸುವುದು ಚೆಂಡೆಯಲ್ಲ, ಧ್ವನಿವರ್ಧಕದ ಪೆಟ್ಟಿಗೆ. ಪೆಟ್ಟಿಗೆಗೆ ಎದುರಾಗದಂತೆ, ರಂಗಸ್ಥಳದ ಪಕ್ಕದ ಕಂಬಕ್ಕಿಂತ ಹತ್ತು ಹದಿನೈದು ಅಡಿ ಹಿಂದೆ, ಓರೆಯಾಗಿ ಚಾಪೆ ಹಾಕಿದ ಮೇಲೆ ಅವಳು ಕಿವಿಗೆ ಕೈ ಒಯ್ಯಲೇ ಇಲ್ಲ. ಅಲ್ಲಿಂದ ಬಣ್ಣದ ವೇಷದ, ಅಂದರೆ ರಕ್ಕಸ ಪಾತ್ರದ, ಮುಖ ನೇರವಾಗಿ ಕಾಣುವುದಿಲ್ಲ ಎಂಬ ಕೊರತೆಯೇನೋ ಇದೆ, ಆದರೆ ಹೆಜ್ಜೆಗಳು ಬಹಳ ಸ್ಪಷ್ಟವಾಗಿ ಕಾಣುತ್ತವೆ, ಗೆಜ್ಜೆಯ ಸದ್ದೂ ಬೇರೆಯಾಗಿ ಕೇಳಿಸುತ್ತದೆ.

ಎಲ್ಲಕ್ಕಿಂತ ದೊಡ್ಡ ತೊಡಕು ಹೆದರಿಕೆಯದು. ನಮ್ಮ ಸೀಮೆಯಲ್ಲಿ ಹರಕೆಯ ಆಟವೆಂದರೆ ಹೆಚ್ಚಾಗಿ ದೇವಿ ಮಹಾತ್ಮೆ. ಅದರಲ್ಲಿ ಮಹಿಷಾಸುರ ದೊಂದಿಯ ಬೆಳಕಿನಲ್ಲಿ, ರಾಳದ ಹುಡಿಯ ಬೆಂಕಿಯ ನಡುವೆ ಆರ್ಭಟಿಸುತ್ತ ಜನರ ಮಧ್ಯದಿಂದಲೇ ಬರುತ್ತಾನೆ. ಮೊದಲ ಸಲ ಅದನ್ನು ಕಂಡ ಮಗಳು ಚೀರಿ ಚೀರಿ ಅತ್ತು, ಮತ್ತೆ ಎರಡು ತಿಂಗಳು ಆಟದ ಹೆಸರೆತ್ತಿದರೆ ನನ್ನ ಸೆರಗು ಬಿಡುತ್ತಿರಲಿಲ್ಲ. ಇನ್ನು ಆಟಕ್ಕೆ ಕರೆದೊಯ್ಯುವುದೇ ಬೇಡ ಎಂದು ಮನೆಯವರೆಲ್ಲ ತೀರ್ಮಾನಿಸಿದ್ದು ಆಗಲೇ. ನಾನು ಮಾತ್ರ ಕಲಾವಿದರು ವೇಷ ಕಟ್ಟುವ ಚೌಕಿಯ ದಾರಿ ಹಿಡಿದೆ.

ಮಾರ್ಚ್ ಪರೀಕ್ಷೆ ಮುಗಿದ ಮೇಲೆ ಒಂದು ಸಂಜೆ, ಕೇಳಿ ಬಡಿಯುವುದಕ್ಕೆ (ಆಟ ಉಂಟೆಂದು ಚೆಂಡೆ ಬಾರಿಸಿ ಸಾರುವುದಕ್ಕೆ) ಬಹಳ ಮೊದಲೇ ಚೌಕಿಗೆ ಹೋಗಿ, ಚಪ್ಪಲಿ ಹೊರಗಿಟ್ಟು, ದೇವರಿಗೆ ಕೈಮುಗಿದು, ಬಣ್ಣದ ವೇಷದವರ ಹತ್ತಿರ ಮಕ್ಕಳಿಗೆ ದೂರದಿಂದ ನೋಡಲು ಅಪ್ಪಣೆ ಕೇಳಿದೆ. ಅವರು ಕನ್ನಡಿಯಿಂದ ಕಣ್ಣು ತೆಗೆಯದೆ ತಲೆಯಾಡಿಸಿದರು. ಅಕ್ಕಿ ಹಿಟ್ಟು, ಸುಣ್ಣ ಕಲಸಿದ ಮುದ್ದೆಯಿಂದ ಕಡ್ಡಿಯ ತುದಿಯಲ್ಲಿ ಚಿಕ್ಕ ಚಿಕ್ಕ ಚುಟ್ಟಿಗಳನ್ನು ಗಲ್ಲದ ಗೆರೆಯುದ್ದಕ್ಕೂ ಇಟ್ಟುಕೊಂಡು ಹೋಗುವುದು, ಒಂದರ ಮೇಲೆ ಒಂದು ಇಟ್ಟು ಮುಳ್ಳಿನಂತೆ ಎಬ್ಬಿಸುವುದು, ಒಣಗಲು ಕಾದು ಮತ್ತೆ ಮುಂದುವರಿಸುವುದು ಗಂಟೆಗಟ್ಟಲೆಯ ಕೆಲಸ. ಮಧ್ಯೆ ಒಂದು ಚುಟ್ಟಿ ಜಾರಿತು. ಅವರು ಕಿರುಬೆರಳಿನಿಂದ ಅದನ್ನು ತೆಗೆದು, ಜಾಗ ಒರಸಿ, ಹೊಸತನ್ನು ಇಟ್ಟರು. ಆ ಮೇಲೆ ಬಾಯಿ ಅಲುಗಿಸದೆ, ತುಟಿಯ ಅಂಚಿನಿಂದಲೇ, "ನಿನ್ನ ಹೆಸರೇನು ಮಗಾ?" ಎಂದು ಮಗಳನ್ನು ಕೇಳಿದರು. ಅವಳು ಹೇಳಿದಳು. ಆ ರಾತ್ರಿ ಅದೇ ವೇಷ ದೊಂದಿಯ ನಡುವೆ ಬರುವಾಗ ಅವಳು ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದಳು ನಿಜ, ಆದರೆ ಅಳಲಿಲ್ಲ. "ಅಮ್ಮಾ, ಅವರಿಗೆ ನನ್ನ ಹೆಸರು ಗೊತ್ತುಂಟು" ಎಂದು ಅಣ್ಣನಿಗೆ ಕೇಳುವಂತೆ ಎರಡು ಸಲ ಹೇಳಿದಳು.

ಅಂದಿನಿಂದ ನಮ್ಮ ಆಟ ಶುರುವಾಗುವುದು ಚೌಕಿಯಲ್ಲಿ. ಅಲ್ಲಿ ಅರ್ಧ ಗಂಟೆಗಿಂತ ಹೆಚ್ಚು ನಿಲ್ಲಬಾರದು, ಫೋಟೋ ತೆಗೆಯಬಾರದು, ಕಿರೀಟ, ಭುಜಕೀರ್ತಿ ಯಾವುದನ್ನೂ ಮುಟ್ಟಬಾರದು. ಮೇಳದವರಿಗೆ ನಮ್ಮ ಗುರುತು ಸಿಕ್ಕಿದ ಮೇಲೆ ಅವರೇ ಮಕ್ಕಳನ್ನು ಮಾತನಾಡಿಸುತ್ತಾರೆ. ಯಾವ ಹೊತ್ತಿಗೆ ಹೋದರೆ ಚೌಕಿಯಲ್ಲಿ ಯಾರಿಗೂ ತೊಂದರೆಯಾಗುವುದಿಲ್ಲ ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ, ಬರೆದರೆ ಎಲ್ಲರೂ ಅದೇ ಹೊತ್ತಿಗೆ ಬಂದು ನಿಲ್ಲುತ್ತಾರೆ. ಅದನ್ನು ಅವರವರೇ ಕಂಡುಕೊಳ್ಳುವುದು ಒಳ್ಳೆಯದು.

ನಮ್ಮ ಕ್ರಮದ ಎರಡನೆಯ ಅಂಶಕ್ಕೇ ಹಿರಿಯರ ಹೆಚ್ಚಿನ ಆಕ್ಷೇಪ ಬಂದದ್ದು. ಮಕ್ಕಳಿಗೆ ನಿದ್ದೆ ಬರುವವರೆಗೆ ಕಾಯದೆ, ಅವರ ಉತ್ಸಾಹ ಮೇಲೇರಿರುವಾಗಲೇ ನಾವು ಎದ್ದು ಬರುತ್ತೇವೆ. ಯಾವ ಸನ್ನಿವೇಶದವರೆಗೆ ಕೂರುವುದು ಎಂದು ಮನೆಯಿಂದ ಹೊರಡುವಾಗಲೇ ನಾಲ್ವರೂ ಮಾತಾಡಿಕೊಂಡಿರುತ್ತೇವೆ, ಅದು ಬಂದೊಡನೆ ಚಾಪೆ ಮಡಚುತ್ತೇವೆ. ಮಂಗಳ (ಆಟದ ಕೊನೆಯ ಪದ) ಕೇಳದೆ ಏಳಬಾರದು ಎಂದು ಮಾವನವರು ಬೇಸರಿಸಿದ್ದರು. ನಿದ್ದೆಗಣ್ಣಿನ ಮಕ್ಕಳನ್ನು ಮಂಗಳದವರೆಗೆ ಎಳೆದುಕೊಂಡು ಕೂತ ಮನೆಗಳಲ್ಲಿ ಮುಂದಿನ ಆಟಕ್ಕೆ ಮಕ್ಕಳು ಬರುವುದಿಲ್ಲ ಎಂಬುದನ್ನು ನಾಲ್ಕಾರು ಕುಟುಂಬಗಳಲ್ಲಿ ಕಂಡು ನಾನು ಹಿಡಿದ ಪಟ್ಟು ಬಿಡಲಿಲ್ಲ. ಪಂಚವಟಿಯ ಕಥೆಯ ಆಟವಾದರೆ ಶೂರ್ಪನಖಿಯ ಹೆಣ್ಣುಬಣ್ಣ (ರಕ್ಕಸಿಯ ವೇಷ) ಬಂದು, ಮೂಗು ಕಳೆದುಕೊಂಡು ಬೊಬ್ಬೆ ಹಾಕುತ್ತ ಓಡುವವರೆಗೆ ಕುಳಿತುಕೊಂಡೆವು. ಖರ ಏನು ಮಾಡಿದ, ಮಾಯಾಮೃಗ ಹೇಗೆ ಬಂತು ಎಂದು ದಾರಿಯುದ್ದಕ್ಕೂ ಕಾರಿನಲ್ಲಿ ಪ್ರಶ್ನೆಯ ಮೇಲೆ ಪ್ರಶ್ನೆ. ಉತ್ತರ ಹೇಳಲಿಲ್ಲ. ಆ ಋತುವಿನಲ್ಲೇ ಮತ್ತೆ ಒಂದು ಪಂಚವಟಿ ಸಿಕ್ಕಿತು, ಆಗ ಜಟಾಯುವಿನವರೆಗೆ ಮಕ್ಕಳು ಕಣ್ಣು ಮಿಟುಕಿಸದೆ ಕುಳಿತರು. ಪಂಚವಟಿ ಕುಂಬಳೆಯ ಕವಿ ಪಾರ್ತಿಸುಬ್ಬನ ಪ್ರಸಂಗವೆಂದು (ಆಟದ ಕಥೆಯೆಂದು) ಅವರಿಗೆ ಹೇಳಿದೆ. ಕುಂಬಳೆಯ ಕಣಿಪುರ ಗೋಪಾಲಕೃಷ್ಣ ದೇವಸ್ಥಾನದ ಮುಂದೆ ಹಾದುಹೋಗುವಾಗಲೆಲ್ಲ ಮಗ ಈಗ ಅವನ ಹೆಸರು ತೆಗೆಯುತ್ತಾನೆ.

ಕಾಲಮಿತಿಯ ಆಟಗಳು ಹೆಚ್ಚಾದುದು ನಮ್ಮಂಥವರಿಗೆ ಬಹಳ ಅನುಕೂಲವಾಯಿತು. ರಾತ್ರಿ 10ರ ಅನಂತರದ ಧ್ವನಿವರ್ಧಕದ ನಿಯಮದಿಂದಾಗಿ ಹಲವು ಮೇಳಗಳು ಸಂಜೆಯೇ ಆರಂಭಿಸಿ ಬೇಗ ಮುಗಿಸತೊಡಗಿದಾಗ ಇಡೀ ರಾತ್ರಿಯ ಆಟದ ಸೊಗಸು ಹೋಯಿತೆಂದು ಹಳಬರು ನೊಂದುಕೊಂಡರು. ಅವರ ನೋವು ಸಕಾರಣವಾದುದು. ಬೆಳಗಿನ ಜಾವದ ರಾಗಗಳಲ್ಲಿ ಪದ ಕೇಳಿದವರಿಗೆ ಆ ನಷ್ಟ ಏನೆಂದು ಗೊತ್ತು. ಆದರೆ ಏಳೆಂಟು ವರ್ಷದ ಮಕ್ಕಳು ಪೂರ್ವರಂಗದಿಂದಲೇ (ಕಥೆಗೆ ಮೊದಲಿನ ಕುಣಿತಗಳಿಂದಲೇ) ಕುಳಿತು, ಪ್ರಸಂಗದ ಮುಖ್ಯ ವೇಷವನ್ನೂ ನೋಡಿ, ಹತ್ತೂವರೆಯೊಳಗೆ ಮನೆ ಸೇರುವುದು ಅದರಿಂದಲೇ ಸಾಧ್ಯವಾಯಿತು. ಪೂರ್ವರಂಗವನ್ನು ದೊಡ್ಡವರು ಚಹಾ ಕುಡಿಯುವ ಸಮಯವೆಂದು ಭಾವಿಸುತ್ತಾರೆ. ಮಕ್ಕಳಿಗೆ ಬೇಕಾದುದು ಅದುವೇ: ಕೋಡಂಗಿ, ಬಾಲಗೋಪಾಲ ವೇಷಗಳನ್ನು ಹೆಚ್ಚಾಗಿ ಕಲಿಯುವ ಹುಡುಗರೇ ಮಾಡುವುದರಿಂದ ನಮ್ಮ ಮಗನಿಗೆ ಅವರು ತನ್ನ ಓರಗೆಯವರಂತೆ ಕಾಣುತ್ತಾರೆ.

ಕಥೆಯ ತಯಾರಿ ರಾತ್ರಿಯ ಊಟದ ಹೊತ್ತಿನಲ್ಲಿ ನಡೆಯುತ್ತದೆ. ಆಟಕ್ಕೆ ಒಂದು ವಾರ ಇರುವಾಗ ಆರಂಭಿಸಿ ದಿನಕ್ಕೆ ಐದು ನಿಮಿಷದಂತೆ ಹೇಳುತ್ತೇನೆ, ಎಲ್ಲಿ ನಿಲ್ಲಿಸುತ್ತೇನೆ ಎನ್ನುವುದರಲ್ಲೇ ಎಲ್ಲವೂ ಅಡಗಿದೆ. ಅದರ ಲೆಕ್ಕ ನನ್ನ ಹತ್ತಿರವೇ ಇರಲಿ. ಪದಗಳನ್ನು ಮಾತ್ರ ಮೊದಲೇ ಕೇಳಿಸುತ್ತೇನೆ. ಟಿವಿಯಲ್ಲಿ ಸೋತ ಧ್ವನಿಮುದ್ರಣಗಳು ಕಾರಿನಲ್ಲಿ ಕೇಳಿಸಿದಾಗ ಗೆದ್ದವು. ಹೆಸರಾಂತ ಯಕ್ಷಗಾನ ಹಾಡುಗಾರ ಬಲಿಪ ನಾರಾಯಣ ಭಾಗವತರ ಪದಗಳಲ್ಲಿ ಒಂದೆರಡನ್ನು ಮಗಳು ತಾಳ ತಪ್ಪದೆ ಹಾಡುತ್ತಾಳೆ. 2023ರಲ್ಲಿ ಅವರು ತೀರಿಕೊಂಡ ಸುದ್ದಿ ಬಂದ ದಿನ ಇಬ್ಬರೂ ಮಂಕಾಗಿದ್ದರು. ಅವರು ನಮ್ಮದೇ ಸೀಮೆಯ ಪಡ್ರೆ ಊರಿನವರೆಂಬುದು ಮಕ್ಕಳಿಗೆ ಗೊತ್ತಿತ್ತು.

ಮಳೆಗಾಲದಲ್ಲಿ ಕೆಲವು ಬದಿಯ ಪ್ರಯೋಗಗಳನ್ನು ಮಾಡಿದೆವು. ಪತ್ತನಾಜೆಯ ದಿನ ಮೇಳಗಳು ಗೆಜ್ಜೆ ಬಿಚ್ಚಿ ಆ ವರ್ಷದ ತಿರುಗಾಟ ಮುಗಿಸಿದ ಮೇಲೆ ಮಕ್ಕಳ ರೂಢಿ ತಪ್ಪಬಾರದೆಂದು ಎಡನೀರು ಮಠದ ತಾಳಮದ್ದಳೆಗೆ ಕರೆದೊಯ್ದೆ. 2020ರಲ್ಲಿ ಬ್ರಹ್ಮೈಕ್ಯರಾದ ಕೇಶವಾನಂದ ಭಾರತೀ ಸ್ವಾಮಿಗಳು ಸ್ವತಃ ಭಾಗವತಿಕೆ ಮಾಡುತ್ತಿದ್ದ (ಪದ ಹಾಡುತ್ತಿದ್ದ) ಸ್ಥಳವದು. ವೇಷವಿಲ್ಲದ ಮಾತಿನ ಕಲೆ ಮಗಳಿಗೆ ಹಿಡಿಸಲಿಲ್ಲ. ಮಗನಿಗೆ ವಾಲಿ ಮತ್ತು ರಾಮನ ವಾದ ಎಷ್ಟು ತಲೆಗೆ ಹೋಯಿತೆಂದರೆ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಸರಿಯೋ ಎಂದು ಅಜ್ಜನ ಹತ್ತಿರ ಒಂದು ವಾರ ಜಗಳವಾಡಿದ. ಕಾಸರಗೋಡಿನ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘ 1981ರಿಂದ ತೆಂಕುತಿಟ್ಟಿನ (ನಮ್ಮ ಕಡೆಯ ಯಕ್ಷಗಾನ ಶೈಲಿಯ) ಬೊಂಬೆಗಳನ್ನು ಕುಣಿಸುತ್ತಿದೆ. ಅದನ್ನು ನೋಡಿದ ಮೇಲೆ ಮಗಳು ಹಳೆಯ ಸೀರೆಯ ತುಂಡುಗಳಿಂದ ತಾನೇ ಒಂದು ಮಹಿಷನನ್ನು ಮಾಡಿಕೊಂಡಳು. ಸಂಜೆ ಮನೆಮನೆಗೆ ಬರುವ ಚಿಕ್ಕಮೇಳವನ್ನು ನಮ್ಮ ಚಾವಡಿಯಲ್ಲೇ ಆಡಿಸಿದೆವು, ಐನೂರು ಆರುನೂರು ಕಾಣಿಕೆಯಲ್ಲಿ ಅರ್ಧ ಗಂಟೆಯ ಆಟ. ಕೈಗೆಟಕುವ ದೂರದಲ್ಲಿ ವೇಷ ಕುಣಿಯುವುದನ್ನು ನೋಡುವ ಅವಕಾಶ ಬೇರೆಲ್ಲಿಯೂ ಸಿಗದು. ಹೆದರುವ ಮಕ್ಕಳಿರುವ ಮನೆಯವರು ಅಲ್ಲಿಂದಲೇ ಪ್ರಾರಂಭಿಸಬಹುದು.

ಹಣದ ವಿಷಯ. ಮೊದಲ ಎರಡು ವರ್ಷ ನಮಗೆ ಕಾರಿರಲಿಲ್ಲ. ರಾತ್ರಿ ಆಟೋ ನಿಲ್ಲಿಸಿಕೊಂಡರೆ ಹೋಗಿ ಬರುವುದಕ್ಕೆ ಏಳೆಂಟು ನೂರು, ಹಬ್ಬದ ದಿನಗಳಲ್ಲಿ ಅದಕ್ಕಿಂತ ಹೆಚ್ಚು. ಆ ಮೇಲೆ ಹಳೆಯ ಕಾರು ಕೊಂಡೆವು, ಈಗ ಪೆಟ್ರೋಲಿಗೆ ಇನ್ನೂರು ಸಾಕು. ಬಯಲಾಟಕ್ಕೆ ಟಿಕೇಟಿಲ್ಲ, ಹರಕೆಯ ಆಟಗಳಲ್ಲಿ ಊಟವೂ ಇರುತ್ತದೆ. ಖರ್ಚು ಬರುವುದು ಚರುಮುರಿ, ಐಸ್‌ಕ್ರೀಮು, ಬೆಲೂನುಗಳಲ್ಲಿ. ಒಂದು ರಾತ್ರಿ ಅದಕ್ಕೇ ನಾನೂರು ಹೋದದ್ದುಂಟು. ಈಗ ಹೊರಡುವ ಮುಂಚೆ ಇಬ್ಬರ ಕೈಯಲ್ಲೂ ಐವತ್ತೈವತ್ತು ರೂಪಾಯಿ ಇಟ್ಟುಬಿಡುತ್ತೇನೆ, ಅದು ಮುಗಿದರೆ ಮುಗಿಯಿತು. ಮಗ ಅದರಲ್ಲಿ ಹತ್ತು ರೂಪಾಯಿ ಉಳಿಸಿ ದೇವರ ತಟ್ಟೆಗೆ ಹಾಕುವುದನ್ನು ತಾನಾಗಿ ಕಲಿತ. ನೂರು ರೂಪಾಯಿ ಕಾಣಿಕೆ ಸೇರಿ ನಾಲ್ವರ ಒಂದು ಸಂಜೆ ಈಗ ನಾಲ್ಕುನೂರರ ಆಚೀಚೆ ಮುಗಿಯುತ್ತದೆ. ನಗರದ ಮಾಲಿನಲ್ಲಿ ಸಿನೆಮಾ ನೋಡಿ ಪಾಪ್‌ಕಾರ್ನ್ ತಿಂದು ಬಂದರೆ ಇದರ ಮೂರು ಪಟ್ಟು ಬೇಕು.

ಗಳಿಕೆಯ ಬಗ್ಗೆಯೂ ಸ್ವಲ್ಪ ಹೇಳಿಕೊಳ್ಳುತ್ತೇನೆ. ನಮ್ಮ ಮಕ್ಕಳು ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಾರೆ, ಗೆಳೆಯರೊಡನೆ ಮಲಯಾಳದಲ್ಲಿ ಆಡುತ್ತಾರೆ. ಮನೆಯಲ್ಲಿ ಮಾತ್ರ ಉಳಿದಿದ್ದ ಕನ್ನಡ ವರ್ಷವರ್ಷವೂ ತೆಳ್ಳಗಾಗುತ್ತಿತ್ತು. ಅಂಥ ಮಗ ಕಳೆದ ವರ್ಷ ಶಾಲೆಯ ಭಾಷಣ ಸ್ಪರ್ಧೆಯಲ್ಲಿ ಅಭಿಮನ್ಯುವಿನ ಬಗ್ಗೆ ಕನ್ನಡದಲ್ಲಿ, ಚೀಟಿ ನೋಡದೆ, ಐದು ನಿಮಿಷ ಮಾತನಾಡಿ ಬಹುಮಾನ ತಂದ. ಸಂಶಯಪಟ್ಟಿದ್ದ ಅತ್ತೆಯವರೇ ಆ ಬಹುಮಾನವನ್ನು ಬಂದವರಿಗೆಲ್ಲ ತೋರಿಸಿದರು. ನೆರೆಯ ಮೂರು ಮನೆಯವರು ಈಗ ನಮ್ಮ ಜೊತೆಗೆ ಬರುತ್ತಾರೆ, ಅವರಲ್ಲಿ ಒಂದು ಮಲಯಾಳ ಮಾತನಾಡುವ ಕುಟುಂಬ. ಕಥಕಳಿ ನೋಡಿ ಬೆಳೆದ ಆ ಮನೆಯ ತಾಯಿಗೆ ತೆರೆಯ ಹಿಂದಿನ ವೇಷದ ಕುಣಿತವನ್ನು ವಿವರಿಸುವ ಅಗತ್ಯವೇ ಬೀಳಲಿಲ್ಲ.

ಹೊಸದಾಗಿ ತೊಡಗುವವರಿಗೆ ಪ್ರಸಂಗಗಳ ವಿಚಾರದಲ್ಲಿ ಒಂದು ಮಾತು. ಮೊದಲಿಗೆ ಕೃಷ್ಣಲೀಲೆ-ಕಂಸವಧೆ, ಅನಂತರ ಪಂಚವಟಿ, ಆ ಮೇಲೆ ಅಭಿಮನ್ಯು ಕಾಳಗ, ಈ ಕ್ರಮ ನಮಗೆ ಚೆನ್ನಾಗಿ ಕೂಡಿಬಂತು. ಪುಂಡುವೇಷದ (ಎಳೆಯ ವೀರನ ಪಾತ್ರದ) ಧೀಂಗಿಣ, ಅಂದರೆ ಹಾರಿ ಸುತ್ತುವ ಕುಣಿತ, ಎಷ್ಟು ಸುತ್ತು ಬಂತೆಂದು ಮಕ್ಕಳು ಲೆಕ್ಕ ಹಾಕುತ್ತಾರೆ, ಲೆಕ್ಕ ಹಾಕುವ ಮಗುವಿಗೆ ನಿದ್ದೆ ಬರುವುದಿಲ್ಲ. ಅರ್ಥವೇ (ಪಾತ್ರಗಳ ಮಾತೇ) ಪ್ರಧಾನವಾದ ಕರ್ಣಪರ್ವದಂಥವನ್ನು ಮೂರನೆಯ ವರ್ಷಕ್ಕಿಂತ ಮೊದಲು ಮುಟ್ಟಬೇಡಿ. ಆಟದ ದಿನ ಮಧ್ಯಾಹ್ನ ಒಂದೂವರೆ ಗಂಟೆ ಮಲಗಿಸಲೇಬೇಕು, ಮಲಗದಿದ್ದರೆ ಹೊರಡುವುದಿಲ್ಲ ಎಂಬ ನಿಯಮವನ್ನು ನಾನು ಸಡಿಲಿಸಿದ್ದಿಲ್ಲ. ಧನು ತಿಂಗಳ ಇಬ್ಬನಿಗೆ ತಲೆಗೊಂದು ಮಫ್ಲರ್, ಫ್ಲಾಸ್ಕಿನಲ್ಲಿ ಬಿಸಿನೀರು, ಚಾಪೆಯ ಕೆಳಗೆ ಹಾಸಲು ಒಂದು ಪ್ಲಾಸ್ಟಿಕ್ ಹಾಳೆ ಇದ್ದರೆ ಬೇರೇನೂ ಬೇಡ.

ಮುಂದಿನ ತಿರುಗಾಟದಲ್ಲಿ ಒಂದು ಆಟವನ್ನಾದರೂ ಮಂಗಳದವರೆಗೆ ನೋಡಬೇಕೆಂದು ಮಗ ತಾನಾಗಿ ಕೇಳಿದ್ದಾನೆ. ಅದಕ್ಕಾಗಿ ಕ್ರಿಸ್ಮಸ್ ರಜೆಯಲ್ಲಿ ಊರಿಗೆ ಹತ್ತಿರ ನಡೆಯುವ ಇಡೀ ರಾತ್ರಿಯ ಆಟವೊಂದನ್ನು ಹುಡುಕುತ್ತಿದ್ದೇವೆ, ಮಾವನವರೂ ಜೊತೆಗೆ ಬರುತ್ತೇನೆಂದಿದ್ದಾರೆ.